ದುಶ್ಚಟಗಳ ಭಿಕ್ಷೆ: ಇಳಕಲ್ಲಿನ ಮಹಾಂತ ಜೋಳಿಗೆ

ಮಠದ ಜೋಳಿಗೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಜೋಳ, ಅಕ್ಕಿ, ಬೇಳೆಗಳ ಕಾಣಿಕೆ; ಅದರಿಂದ ನಡೆಯುವ ದಾಸೋಹ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಅದೇ ಜೋಳಿಗೆಯನ್ನು ಹಿಡಿದು ಬೇರೊಂದು ಭಿಕ್ಷೆಗೆ ಹೊರಟರು. ಜಾತಿಭೇದವೆಣಿಸದೆ ಕೇರಿ ಕೇರಿಗಳನ್ನು ಸುತ್ತಿ, ಮದ್ಯ, ತಂಬಾಕು, ಬೀಡಿಗಳ ಚಟವನ್ನು ಜೋಳಿಗೆಗೆ ಹಾಕಿರೆಂದು ಬೇಡಿದರು. ಇದೇ 'ಮಹಾಂತ ಜೋಳಿಗೆ'.

ಕುಡಿತ ಕೆಟ್ಟದ್ದೆಂಬ ಉಪದೇಶ ಆ ಮೊದಲೂ ಇತ್ತು. ಕೇಳಿದವರು ತಲೆದೂಗಿ ಮನೆಗೆ ಹೋಗುತ್ತಿದ್ದರು. ಇಲ್ಲಿ ಗುರುವೇ ಬಾಗಿಲಿಗೆ ಬಂದು ಕೈಯೊಡ್ಡಿದ್ದರಿಂದ ಕುಡುಕನು ತಪ್ಪಿತಸ್ಥನಾಗಿ ನಿಲ್ಲಬೇಕಾಗಲಿಲ್ಲ, ದಾನಿಯಾದನು. ಊರೆಲ್ಲ ಹಳಿದವನಿಗೆ ಹೆಂಡತಿ ಮಕ್ಕಳ ಎದುರಿನಲ್ಲಿಯೇ ದೊರೆತ ಆ ಗೌರವವೇ ಜೋಳಿಗೆಯ ನಿಜವಾದ ಬಲವೆಂದು ನಾವು ಭಾವಿಸುತ್ತೇವೆ.

ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. (ಅದೇ ಸರ್ಕಾರದ ಬೊಕ್ಕಸಕ್ಕೆ ಅಬಕಾರಿ ವರಮಾನವೂ ಬರುತ್ತದೆಂಬುದು ಬೇರೆಯ ಮಾತು.) ಶಾಲೆ, ಕಚೇರಿಗಳಲ್ಲಿ ಪ್ರತಿಜ್ಞೆ ಬೋಧಿಸುವುದು ಒಳ್ಳೆಯದೇ, ಆದರೆ ಸಾಲಿನಲ್ಲಿ ನಿಂತು ಒಪ್ಪಿಸಿದ ಪ್ರತಿಜ್ಞೆಯೂ ಗುರುವಿನ ಜೋಳಿಗೆಗೆ ಕೈಯಾರೆ ಹಾಕಿದ ಸೀಸೆಯೂ ಒಂದೇ ತೂಕದವಲ್ಲ.

ಜೋಳಿಗೆಯ ಕಾರ್ಯವನ್ನು ಮುಂದುವರಿಸಲಿಚ್ಛಿಸುವ ಭಕ್ತರು ಎರಡು ಸಂಗತಿಗಳನ್ನು ಅರಿತಿರಬೇಕು. ಹಲವು ವರ್ಷ ಪ್ರತಿದಿನವೂ ವಿಪರೀತ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ಮತಿಭ್ರಮಣೆ ಕಾಣಿಸಿಕೊಳ್ಳಬಹುದು, ಪ್ರಾಣಾಪಾಯವೂ ಉಂಟು. ಅಂಥವರನ್ನು ವಚನ ಪಡೆದ ದಿನವೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ದೂರದ ಊರಿನವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ವಿಭೂತಿ ಧರಿಸಿದವನು ಮಾತ್ರೆ ನುಂಗಿದರೆ ಭಕ್ತಿಗೇನೂ ಕುಂದಿಲ್ಲ.

ಎರಡನೆಯದು ಹೆಚ್ಚು ನೋವಿನದು. ವಚನ ಮುರಿದವನು ನಾಚಿಕೆಯಿಂದ ಮಠದ ದಾರಿಯನ್ನೇ ಬಿಡುತ್ತಾನೆ. ಜಾತ್ರೆಗೆ ಬಂದರೂ ತೇರಿನ ಹಿಂದೆ ಮರೆಯಾಗಿ ನಿಲ್ಲುತ್ತಾನೆ. ವ್ಯಸನವು ಮರುಕಳಿಸುವ ರೋಗವೆಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ಜೋಳಿಗೆ ಹಿಡಿದವರು ಒಮ್ಮೆ ಹೋದ ಮನೆಗೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಹೋಗಬೇಕು. ಆತ ಮತ್ತೆ ಕುಡಿದಿದ್ದರೆ ಗದರಿಸದೆ, ಜಗುಲಿಯ ಮೇಲೆ ಕುಳಿತು, ಅದೇ ಭಿಕ್ಷೆಯನ್ನು ಇನ್ನೊಮ್ಮೆ ಕೇಳಬೇಕು.