ಇಬ್ರಾಹೀಮ ಆದಿಲಶಾಹನ ಒಂದು ಭಾವಚಿತ್ರ

ನಮ್ಮ ಪ್ರಾಚೀನರು ಚಿತ್ರಕ್ಕೆ ಹೇಳಿದ ಆರು ಅಂಗಗಳಲ್ಲಿ ಸಾದೃಶ್ಯವೊಂದು, ಭಾವವೊಂದು. ಮುಖದ ಹೋಲಿಕೆಯು ಸಾದೃಶ್ಯದಿಂದ ಸಿದ್ಧಿಸುವದು. ಚಿತ್ರಿತನಾದವನ ಅಂತರಂಗವು ಭಾವದಿಂದ ವ್ಯಕ್ತವಾಗುವದು. ಈ ಭೇದವನ್ನರಿಯಲು ಭೀಮೆಯ ಆಚೆಯ ವಿಜಾಪುರದ, ಎಂದರೆ ಇಂದಿನ ವಿಜಯಪುರದ, ಒಂದು ಚಿತ್ರವು ಯೋಗ್ಯವಾದ ಉದಾಹರಣೆಯು.

1580 ರಿಂದ 1627 ರ ವರೆಗೆ ಆಳಿದ ಎರಡನೆಯ ಇಬ್ರಾಹೀಮ ಆದಿಲಶಾಹನ ಈ ಭಾವಚಿತ್ರವು ಸುಮಾರು 1615 ರಲ್ಲಿ ರಚಿತವಾದುದು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿರುವದು. ಅಳತೆಯಲ್ಲಿ ಗೇಣುದ್ದದೊಳಗಿನ ಪಟವು. ಅರಸನು ಉದ್ಯಾನದಲ್ಲಿ ನಿಂತಿರುವನು. ಮೈಮೇಲೆ ನವುರಾದ ಬಿಳಿಯ ಅಂಗಿ, ಜರತಾರಿಯ ಶಾಲು. ಹಿಂದೆ ದಟ್ಟವಾದ ಹಸುರು, ಅದರಾಚೆ ಬೆಳ್ಳಗಿನ ಸೌಧಗಳು. ಇಷ್ಟು ವೈಭವದ ನಡುವೆ ಆತನು ಕೈಯಲ್ಲಿ ಹಿಡಿದಿರುವದೇನು? ನಮ್ಮ ಕೀರ್ತನಕಾರರ ಕೈಯಲ್ಲಿ ಕಾಣುವಂಥ ಚಿಟಿಕೆಗಳು!

ಈ ಚಿಟಿಕೆಗಳ ಅರ್ಥವನ್ನು ಆತನ ಗ್ರಂಥದಲ್ಲಿಯೇ ಅರಸಬೇಕು. ದಖನಿ ಭಾಷೆಯಲ್ಲಿ ಆತನು ರಚಿಸಿದ 'ಕಿತಾಬ್-ಎ-ನವರಸ'ದಲ್ಲಿ 59 ಪದಗಳೂ 17 ದೋಹೆಗಳೂ ಉಂಟು. ಪದಗಳು ರಾಗಾನುಸಾರವಾಗಿ ಹೊಂದಿಸಲ್ಪಟ್ಟಿವೆ. ಅಲ್ಲಿ ಸರಸ್ವತಿಯನ್ನು ತಾಯಿಯೆಂದೂ ಗಣಪತಿಯನ್ನು ತಂದೆಯೆಂದೂ ಭಾವಿಸಿದ ಈ ಅರಸನೇ ನಮ್ಮ ಕಲಬುರಗಿಯ ಬಂದೇನವಾಜ ಗೇಸೂದರಾಜರನ್ನೂ ಸ್ತುತಿಸಿರುವನು. ಆತನ ಚಿತ್ರಗಳಲ್ಲಿ ಕೊರಳಿನ ರುದ್ರಾಕ್ಷಸರವು ಕಾಣುವದುಂಟು. ಅದೊಂದನ್ನೇ ಹಿಡಿದು ಆತನು ಮತವನ್ನು ತ್ಯಜಿಸಿದನೆಂದು ಹೇಳುವವರೂ, ಅದು ಬರಿಯ ವೇಷವೆಂದು ನಗುವವರೂ ಗ್ರಂಥದ ಅರ್ಧವನ್ನೇ ಓದಿದವರು. ಆತನ ಉಪಾಸನೆಯು ನಾದದ್ದು. ಆ ನಾದವು ಎರಡೂ ಬಾಗಿಲುಗಳನ್ನು ತೆರೆದಿತ್ತು. 1604 ರ ಸುಮಾರಿಗೆ ವಿಜಾಪುರಕ್ಕೆ ಬಂದ ಅಕಬರನ ರಾಯಭಾರಿ ಅಸದ ಬೇಗನೂ, ಸಂಗೀತದಲ್ಲಿ ತಲ್ಲೀನನಾದ ಈ ಸುಲ್ತಾನನು ತನ್ನ ಮಾತಿಗೆ ಉತ್ತರ ಕೊಡುವದೂ ಕಷ್ಟವಾಗಿತ್ತೆಂದು ಬರೆದಿಟ್ಟಿರುವನು.

ಹಾಗೆಂದು ಚಿತ್ರವನ್ನೇ ಪೂರ್ಣ ಚರಿತ್ರೆಯೆಂದು ನಂಬಲಾಗದು. ಅಹಮದನಗರದ ಕೋಟೆಯು 1600 ರಲ್ಲಿಯೇ ಮೊಗಲರ ವಶವಾಗಿ, ಯುದ್ಧದ ಭಯವು ವಿಜಾಪುರಕ್ಕೂ ಸಮೀಪಿಸಿತ್ತು. ಮುಂದೆ 1619 ರಲ್ಲಿ ಬೀದರವನ್ನು ಗೆದ್ದು ರಾಜ್ಯಕ್ಕೆ ಸೇರಿಸಿಕೊಂಡವನೂ ಈ ಇಬ್ರಾಹೀಮನೇ. ಖಡ್ಗವಿಲ್ಲದ ಅರಸನು ಆತನಾಗಿರಲಿಲ್ಲ. ಆದರೆ ಈ ಪಟದಲ್ಲಿ ಖಡ್ಗವು ಮುಖ್ಯವಾಗಲಿಲ್ಲ. ತಾನು ಏನೇನು ಮಾಡಿದನೆಂಬುದಕ್ಕಿಂತ, ತನ್ನನ್ನು ಹೇಗೆ ನೆನೆಯಬೇಕೆಂಬುದನ್ನು ಇಲ್ಲಿ ಆತನು ತಿಳಿಸಿರುವನು.

1686 ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದನು. ಆ ಸಿಂಹಾಸನವು ಅಳಿಯಿತು. ಆ ದರಬಾರದ ಚಿತ್ರಗಳು ದೇಶಾಂತರಗಳಲ್ಲಿ ಚದುರಿಹೋದವು. ಗೇಣುದ್ದವೂ ಇಲ್ಲದ ಈ ಪಟದಲ್ಲಿ ಮಾತ್ರ ಅರಸನ ಇಚ್ಛೆಯು ನೆರವೇರಿರುವದು: ನಾವಿಂದು ಮೊದಲು ನೋಡುವದು ಆತನ ಕೈಯೊಳಗಿನ ತಾಳವನ್ನೇ.