ಉದ್ದ ಕಣ್ಣಿನ ಲೆಕ್ಕ

ಮುಂಬೈ, ಪುಣೆಯಲ್ಲಿ ಅದು ಮೋತಿಬಿಂದು. ದೆಹಲಿಯಲ್ಲಿ ಮೋತಿಯಾಬಿಂದ್, ಹೈದರಾಬಾದಿನ ತೆಲುಗಿನಲ್ಲಿ ಶುಕ್ಲಂ, ಚೆನ್ನೈಯಲ್ಲಿ ಕಣ್‌ಪುರೈ. ಕನ್ನಡದಲ್ಲಿ ನಾವು ಪೊರೆ ಎನ್ನುತ್ತೇವೆ. ಹಾವು ಕಳಚುವುದೂ ಪೊರೆಯೇ. ಹಾಗಾಗಿ ಮೇಲಿನದನ್ನು ತೆಗೆದರೆ ಸಾಕು, ಒಳಗಿನ ಕಣ್ಣು ಮೊದಲಿನಂತೆ ಹೊಳೆಯುತ್ತದೆ ಎಂಬ ನಂಬಿಕೆ ಆ ಪದದ ಜೊತೆಗೇ ಬರುತ್ತದೆ.

ನಿಜದಲ್ಲಿ ಅದು ಕಣ್ಣಿನ ಮೇಲೆ ಕಟ್ಟಿಕೊಂಡ ಹಾಳೆಯಲ್ಲ. ಪಾಪೆಯ ಹಿಂದಿರುವ ಮಸೂರವೇ ಮಬ್ಬಾಗಿರುತ್ತದೆ, ತೆಗೆಯುವುದು ಆ ಮಸೂರವನ್ನೇ. ಹೆಚ್ಚಿನವರಿಗೆ ಅದರ ಜಾಗದಲ್ಲಿ ಸರಿಸುಮಾರು ಅಷ್ಟೇ ಶಕ್ತಿಯ ಕೃತಕ ಮಸೂರ ಕೂರಿಸಿದರೆ ಕೆಲಸ ಮುಗಿಯುತ್ತದೆ. ಆದರೆ ಚಿಕ್ಕಂದಿನಿಂದ ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು ಬಂದವರ, ಅಂದರೆ ಮೈನಸ್ 10, 14, 18 ನಂಬರಿನವರ ಲೆಕ್ಕ ಬೇರೆ. ಅವರ ಮಟ್ಟಿಗೆ ಪೊರೆಯ ಶಸ್ತ್ರಚಿಕಿತ್ಸೆ ಹೊಸ ಪ್ರಶ್ನೆಯೊಂದನ್ನು ತರುತ್ತದೆ: ಇನ್ನು ಮುಂದೆ ಕನ್ನಡಕವಿಲ್ಲದೆ ಎಷ್ಟು ದೂರದ್ದು ಸ್ಪಷ್ಟವಾಗಿ ಕಾಣಬೇಕು? ಈ ಪ್ರಶ್ನೆಗೆ ಒಂದು ಇತಿಹಾಸವಿದೆ.

ಮೊದಲು ಕಣ್ಣಿನ ಅಳತೆ. ಸಾಮಾನ್ಯ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 23ರಿಂದ 24 ಮಿಲಿಮೀಟರ್ ಉದ್ದ. ತೀವ್ರ ಸಮೀಪದೃಷ್ಟಿಯವರದು 26 ದಾಟಿರುತ್ತದೆ, ಕೆಲವರದು 30ನ್ನೂ ಮೀರುತ್ತದೆ. ರೆಟಿನಾ ಹಿಂದಕ್ಕೆ ಸರಿದಿರುವುದರಿಂದ ದೂರದ ಬಿಂಬ ಅದರ ಮುಂದೆಯೇ ಬಿದ್ದುಬಿಡುತ್ತದೆ. ಮೈನಸ್ 14ರ ಕಣ್ಣಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವ ಎಲ್ಲೆ ಸುಮಾರು 7 ಸೆಂಟಿಮೀಟರ್. ಅದರಾಚೆಗೆಲ್ಲ ಮಂಜು. ಆದರೆ ಆ 7 ಸೆಂಟಿಮೀಟರಿನೊಳಗೆ ಅವರು ನೋಡುವಷ್ಟು ಸೂಕ್ಷ್ಮವಾಗಿ ಬೇರೆಯವರು ನೋಡಲಾರರು. ಕನ್ನಡಕ ಹಣೆಗೇರಿಸಿ ಸೂಜಿಗೆ ದಾರ ಪೋಣಿಸುವುದು, ಮಾತ್ರೆಯ ಹಾಳೆಯ ಸಣ್ಣಕ್ಷರ ಓದುವುದು, ಬೆರಳಿಗೆ ಚುಚ್ಚಿದ ಮುಳ್ಳು ತೆಗೆಯುವುದು, ಇವೆಲ್ಲ ಅವರಿಗೆ ಹುಟ್ಟಿನಿಂದ ಸಿಕ್ಕಷ್ಟೇ ಸಹಜ.

ಹಿಂದಿನ ಕಾಲದ ಚಿಕಿತ್ಸೆಯಲ್ಲಿ ಮಸೂರ ಹೋಗುತ್ತಿತ್ತೇ ಹೊರತು ಬದಲಿ ಬರುತ್ತಿರಲಿಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರ ವಿವರಿಸುವ ಕ್ರಮದಲ್ಲಿ ಶಲಾಕೆಯಿಂದ ಕಣ್ಣನ್ನು ಚುಚ್ಚಿ ಅಡ್ಡವಿದ್ದದ್ದನ್ನು ದಾರಿಯಿಂದ ಸರಿಸುತ್ತಿದ್ದರು. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಅದನ್ನು ಸೀಳಿ ಹೊರತೆಗೆಯುವ ಹಾದಿ ಹಾಕಿದ. ಸರಿಸಿದರೂ ತೆಗೆದರೂ ಕಣ್ಣಿನ ಮಸೂರಬಲ ಖಾಲಿ. ಬೆಳಕು ಬರುತ್ತಿತ್ತು, ಆದರೆ ಚಿತ್ರ ಕೂಡುತ್ತಿರಲಿಲ್ಲ. ಅದಕ್ಕೆ ಪ್ಲಸ್ 10ರ ಆಸುಪಾಸಿನ ದಪ್ಪ ಕನ್ನಡಕ ಬೇಕಾಗುತ್ತಿತ್ತು.

ನಮ್ಮ ಕಡೆಯ ಹಿರಿಯರಿಗೆ ಆ ಕನ್ನಡಕ ಚೆನ್ನಾಗಿ ಗೊತ್ತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ಬೆಳಕು ಕೊಟ್ಟ ದಶಕಗಳಲ್ಲಿ, ಶಿಬಿರ ಮುಗಿಸಿ ಬಂದ ಅಜ್ಜಿಯ ಮುಖದಲ್ಲಿ ಆ ದಪ್ಪ ಗಾಜು ಇರುತ್ತಿತ್ತು. ಅದರ ಹಿಂದೆ ಅಜ್ಜಿಯ ಕಣ್ಣು ಎಮ್ಮೆಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅಜ್ಜಿಗೂ ಲೋಕ ಕಾಲುಭಾಗದಷ್ಟು ಹಿಗ್ಗಿ ಕಾಣುತ್ತಿತ್ತು. ಬಾಗಿಲ ಚೌಕಟ್ಟು ಬಾಗಿದಂತೆ, ಮೆಟ್ಟಿಲು ಇರುವುದಕ್ಕಿಂತ ಹತ್ತಿರವಿದ್ದಂತೆ. ಪಕ್ಕದಿಂದ ಬಂದವರು ದಿಢೀರನೆ ಎದುರು ಮೂಡುತ್ತಿದ್ದರು.

ಆ ಕಾಲದಲ್ಲಿ ಒಂದು ವರ್ಗದವರು ಮಾತ್ರ ಇದರಿಂದ ಪಾರಾಗುತ್ತಿದ್ದರು. ಅವರೇ ತೀವ್ರ ಸಮೀಪದೃಷ್ಟಿಯವರು. ಮಸೂರ ಹೋದರೆ ಕಣ್ಣಿನ ಬಲ ಕುಗ್ಗುತ್ತದೆ, ಅವರ ಉದ್ದ ಕಣ್ಣಿಗೆ ಬೇಕಿದ್ದದ್ದು ಅದೇ. ಮೈನಸ್ 18, 20ರ ಸುಮಾರಿನವರಿಗೆ ಎರಡು ಕೊರತೆಗಳೂ ಒಂದನ್ನೊಂದು ಹೊಡೆದುಹಾಕಿ, ದೂರದ ಮರ ಬರಿಗಣ್ಣಿಗೆ ಕಾಣುತ್ತಿತ್ತು. ಇದನ್ನೇ ಚಿಕಿತ್ಸೆಯನ್ನಾಗಿ ಮಾಡಹೊರಟವನು ಆಸ್ಟ್ರಿಯಾದ ವೈದ್ಯ ವಿನ್ಸೆಂಟ್ಸ್ ಫುಕಾಲಾ. 1890ರ ಸುಮಾರಿಗೆ ಅವನು ಪೊರೆಯೇ ಇಲ್ಲದ ಸಮೀಪದೃಷ್ಟಿಯವರ ತಿಳಿಯಾದ ಮಸೂರವನ್ನು ತೆಗೆಯುವುದನ್ನು ಪ್ರತಿಪಾದಿಸಿದ. ಯುರೋಪಿನಲ್ಲಿ ಕೆಲವು ವರ್ಷ ಅದು ಜನಪ್ರಿಯವಾಯಿತು. ಆಮೇಲೆ ಸೋಂಕಿನ ಜೊತೆಗೆ ಇನ್ನೊಂದು ಅಪಾಯ ಎದ್ದು ಕಂಡಿತು. ಮೊದಲೇ ಎಳೆದು ತೆಳುವಾಗಿದ್ದ ರೆಟಿನಾ ಹಲವರಲ್ಲಿ ಹಿಂದಿನ ಗೋಡೆಯಿಂದ ಕಳಚಿಕೊಂಡಿತು. ಕನ್ನಡಕ ಬಿಡಿಸಿಕೊಳ್ಳಹೋದವರು ಕಣ್ಣನ್ನೇ ಕಳೆದುಕೊಂಡರು. ಆ ಶಸ್ತ್ರಚಿಕಿತ್ಸೆ ಮೂಲೆಗೆ ಸರಿಯಿತು.

ಎರಡನೇ ಮಹಾಯುದ್ಧದ ನಂತರ ಲೆಕ್ಕ ಬದಲಾಯಿತು. ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಳ್ಳುವುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿದ್ದರು. ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ, 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಹಿಳೆಯೊಬ್ಬರ ಕಣ್ಣಿಗೆ ಕೂರಿಸಿದರು. ಕಣ್ಣು ಅದನ್ನು ಒಪ್ಪಿಕೊಂಡಿತು, ಆದರೆ ನಂಬರು ತಪ್ಪಿತು. ಪ್ಲಾಸ್ಟಿಕ್ಕು ಸಹಜ ಮಸೂರಕ್ಕಿಂತ ಬೆಳಕನ್ನು ಹೆಚ್ಚು ಬಾಗಿಸುವುದರಿಂದ, ಸಹಜ ಮಸೂರದ ಬಾಗನ್ನೇ ಅನುಸರಿಸಿ ಮಾಡಿದ ಹೊಸ ಮಸೂರದ ಬಲ ಅತಿಯಾಗಿತ್ತು. ಕಣ್ಣೊಳಗೆ ಮಸೂರ ಹಾಕಿಸಿಕೊಂಡ ಜಗತ್ತಿನ ಮೊದಲ ರೋಗಿ ಸುಮಾರು ಮೈನಸ್ 18ರ ಸಮೀಪದೃಷ್ಟಿಯವರಾಗಿ ಹೊರಬಂದರು.

ಮಸೂರ ಕೂರಿಸುವಷ್ಟೇ ದೊಡ್ಡ ಕೆಲಸ ಕಣ್ಣನ್ನು ಅಳೆಯುವುದು ಎಂಬ ಪಾಠ ಅಲ್ಲಿಂದ ಶುರುವಾಯಿತು. ಶಬ್ದತರಂಗ ಬಿಟ್ಟು ಉದ್ದ ಅಳೆಯುವ ವಿಧಾನ ಬಂತು. 1967ರಲ್ಲಿ ಸೋವಿಯತ್ ವೈದ್ಯ ಫ್ಯೊದರೊವ್ ಮತ್ತು ಸಂಗಡಿಗರು ಮಸೂರದ ಶಕ್ತಿಯನ್ನು ಮುಂಚೆಯೇ ಲೆಕ್ಕಹಾಕುವ ಸೂತ್ರ ಕೊಟ್ಟರು, 1980ರ ವೇಳೆಗೆ ಎಸ್‌ಆರ್‌ಕೆ ಸೂತ್ರ ಬಂತು. 1992ರಲ್ಲಿ ಮದುರೈನಲ್ಲಿ ಅರವಿಂದ ಕಣ್ಣಾಸ್ಪತ್ರೆಯ ಅರೋಲ್ಯಾಬ್ ಕಡಿಮೆ ಬೆಲೆಗೆ ಮಸೂರ ತಯಾರಿಸತೊಡಗಿದ ಮೇಲೆ ಅದು ಬಡವರ ಕೈಗೂ ಎಟುಕಿತು. ಶಿಬಿರದ ದಪ್ಪ ಗಾಜು ಮೆಲ್ಲಗೆ ಮರೆಯಾಯಿತು.

ಆದರೆ ಸೂತ್ರಗಳು ಹುಟ್ಟಿದ್ದು ಸಾಮಾನ್ಯ ಅಳತೆಯ ಕಣ್ಣುಗಳಿಂದ. ಉದ್ದ ಕಣ್ಣು ಎಷ್ಟೋ ವರ್ಷ ಅವುಗಳ ಅಂಚಿನಲ್ಲೇ ಉಳಿಯಿತು. ಅಂಥ ಕಣ್ಣಿನ ಹಿಂಗೋಡೆ ಒಂದೆಡೆ ಉಬ್ಬಿರಬಹುದು. ಶಬ್ದತರಂಗ ಆ ಉಬ್ಬಿನ ತಳವನ್ನು ಅಳೆದರೆ, ನೋಟದ ಕೇಂದ್ರ ಇರುವುದು ಬೇರೆ ಕಡೆ. ಸಾಮಾನ್ಯ ಕಣ್ಣಿಗೆ ಪ್ಲಸ್ 20ರ ಸುಮಾರಿನ ಮಸೂರ ಬೇಕಾದರೆ, ಇಲ್ಲಿ 5 ಸಾಕಾಗಬಹುದು, ಶೂನ್ಯಕ್ಕಿಂತ ಕೆಳಗೂ ಇಳಿಯಬಹುದು. ಹಳೆಯ ಸೂತ್ರಗಳು ಇಂಥವರನ್ನು ಎಷ್ಟೋ ಸಲ ಪ್ಲಸ್ ಕಡೆಗೆ ತಳ್ಳಿಬಿಡುತ್ತಿದ್ದವು. ಆಗ ಬರಿಗಣ್ಣಿಗೆ ದೂರದ್ದೂ ನಿಚ್ಚಳವಿಲ್ಲ, ಹತ್ತಿರದ್ದಂತೂ ಇಲ್ಲವೇ ಇಲ್ಲ. 1999ರಿಂದ ಬೆಳಕಿನಿಂದ ಅಳೆಯುವ ಯಂತ್ರಗಳು ಬಂದ ಮೇಲೆ, ಹೊಸ ಸೂತ್ರಗಳು ಸೇರಿದ ಮೇಲೆ ತಪ್ಪು ಬಹಳ ಕಡಿಮೆಯಾಗಿದೆ. ಇಂದಿಗೂ ಅನೇಕ ವೈದ್ಯರು ಉದ್ದ ಕಣ್ಣಿನಲ್ಲಿ ಬೇಕೆಂದೇ ಸ್ವಲ್ಪ ಮೈನಸ್ ಉಳಿಸುತ್ತಾರೆ.

ಅಳತೆ ಸರಿಹೋಯಿತೆಂದರೆ ಎಲ್ಲ ಸರಿಹೋಯಿತೆಂದಲ್ಲ. ಮೈನಸ್ 14ರ ಕನ್ನಡಕ ಲೋಕವನ್ನು ಸುಮಾರು ಏಳನೇ ಒಂದು ಪಾಲು ಕುಗ್ಗಿಸಿ ತೋರಿಸುತ್ತಿರುತ್ತದೆ. ಅದು ಹೋದ ಕೂಡಲೇ ಮುಖಗಳು ದೊಡ್ಡವಾಗುತ್ತವೆ, ನೆಲ ಮೇಲಕ್ಕೆ ಬಂದಂತಾಗುತ್ತದೆ. ಹಳದಿಗಟ್ಟಿದ ಮಸೂರ ತಡೆದಿದ್ದ ನೀಲಿ ಬಣ್ಣ ಒಮ್ಮೆಲೇ ನುಗ್ಗುತ್ತದೆ. ಒಂದು ಕಣ್ಣು ಮುಗಿದು ಇನ್ನೊಂದು ಬಾಕಿಯಿರುವ ವಾರಗಳಲ್ಲಿ ಎರಡು ಕಣ್ಣಿನ ಬಿಂಬಗಳು ಬೇರೆಬೇರೆ ಗಾತ್ರದವಾಗಿ, ಯಾವ ಕನ್ನಡಕವೂ ಅವನ್ನು ಕೂಡಿಸಲಾರದು. ಇವೆಲ್ಲ ಕಾಲಕ್ರಮದಲ್ಲಿ ಒಗ್ಗುತ್ತವೆ, ಅಥವಾ ಎರಡನೇ ಕಣ್ಣಿನ ಚಿಕಿತ್ಸೆಯೊಂದಿಗೆ ತೀರುತ್ತವೆ. ಒಗ್ಗದಿರುವುದು ಹತ್ತಿರದ ನೋಟದ ನಷ್ಟ. ದೂರಕ್ಕೆಂದೇ ಮಸೂರ ಹಾಕಿಸಿಕೊಂಡವರು, ಅರವತ್ತು ವರ್ಷ ಬರಿಗಣ್ಣಲ್ಲಿ ಓದಿದವರು, ಜೀವನದಲ್ಲಿ ಮೊದಲ ಬಾರಿಗೆ ಓದಲು ಚಾಳೀಸು ಹುಡುಕುತ್ತಾರೆ. ಬೆಟ್ಟ ಕಾಣುತ್ತದೆ, ಬೆರಳಿನ ಮುಳ್ಳು ಕಾಣುವುದಿಲ್ಲ. ಬದಲಿಗೆ ಮೈನಸ್ 2.5 ಉಳಿಸಿಕೊಂಡರೆ ಪುಸ್ತಕ 40 ಸೆಂಟಿಮೀಟರಿನಲ್ಲಿ ಬರಿಗಣ್ಣಿಗೆ ಓದಲು ಬರುತ್ತದೆ, ದೂರಕ್ಕೆ ತೆಳು ಕನ್ನಡಕ ಸಾಕು. ಆದರೆ ಆ ಹಳೆಯ 7 ಸೆಂಟಿಮೀಟರಿನ ಸೂಕ್ಷ್ಮ ಹೇಗೂ ಮರಳಿ ಬರುವುದಿಲ್ಲ.

ಫುಕಾಲಾನ ಕಾಲದ ಎಚ್ಚರಿಕೆಯೂ ಹಳತಾಗಿಲ್ಲ. ನಂಬರು ಶೂನ್ಯಕ್ಕೆ ಬಂದರೂ ಕಣ್ಣು ಗಿಡ್ಡವಾಗುವುದಿಲ್ಲ, ರೆಟಿನಾ ತೆಳುವಾಗಿಯೇ ಇರುತ್ತದೆ. ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಿದರೆ, ಪಕ್ಕದಿಂದ ಪರದೆ ಇಳಿದಂತಾದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಕನ್ನಡಕ ಬಿಟ್ಟವರಿಗೂ ರೆಟಿನಾ ತಪಾಸಣೆ ತಪ್ಪಿದ್ದಲ್ಲ.

ಇವತ್ತು ಎಷ್ಟು ದೂರ ಎಂಬುದನ್ನು ಮುಂಚೆಯೇ ಆರಿಸಿಕೊಳ್ಳಬಹುದು. ಸುಶ್ರುತನ ರೋಗಿಗಾಗಲಿ ಶಿಬಿರದ ಅಜ್ಜಿಗಾಗಲಿ ಈ ಭಾಗ್ಯವಿರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಆ ಪ್ರಶ್ನೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ನಮ್ಮಂಥ ಊರುಗಳಲ್ಲಿ ಅದನ್ನು ಮರಾಠಿಯಲ್ಲೋ ಹಿಂದಿಯಲ್ಲೋ ತಮಿಳಿನಲ್ಲೋ ಕೇಳುತ್ತಾರೆ. ಪಕ್ಕದಲ್ಲಿ ನಿಂತ ಮಗನೋ ಮಗಳೋ "ದೂರದ್ದು ಚೆನ್ನಾಗಿ ಕಾಣಬೇಕಲ್ವಾಮ್ಮ?" ಎಂದು ಅನುವಾದಿಸಿಬಿಡುತ್ತಾರೆ. ಅಮ್ಮ ಹೂಂ ಎನ್ನುತ್ತಾರೆ, ಬೇಡ ಎನ್ನುವವರು ಯಾರು? ಕೇಳಬೇಕಾದದ್ದು ಬೇರೆ: "ಕನ್ನಡಕ ತೆಗೆದು ದಿನಾ ಏನೇನು ಮಾಡ್ತೀಯಮ್ಮ?" ಅಕ್ಕಿ ಆರಿಸುತ್ತಾರೋ, ಹೊಲಿಯುತ್ತಾರೋ, ರಾತ್ರಿ ಮಲಗಿಕೊಂಡು ಓದುತ್ತಾರೋ? ಆ ಉತ್ತರವನ್ನು ಪೂರ್ತಿ ಕೇಳಿಸಿಕೊಂಡು ವೈದ್ಯರಿಗೆ ಅವರ ಭಾಷೆಯಲ್ಲಿ ದಾಟಿಸಿದರೆ, ಮಸೂರದ ನಂಬರು ಅಮ್ಮನ ದಿನಕ್ಕೆ ಹೊಂದುತ್ತದೆ.