ಭಾರತೀಯ ಕಾದಂಬರಿಯೂ ಆಂಗ್ಲ ವಾಚಕನೂ

ನಮ್ಮ ದೇಶಭಾಷೆಗಳ ಕಾದಂಬರಿಗಳು ಇಂಗ್ಲಿಷಿಗೆ ಹೋಗಿ ಅಲ್ಲಿಯ ವಾಚಕರನ್ನು ಸೇರುತ್ತಿರುವುದು ಇತ್ತೀಚಿನ ಸಂಗತಿಯೆಂಬ ಭಾವನೆಯು ವಿದ್ಯಾವಂತರಲ್ಲಿಯೂ ಉಂಟು. 2022ರಲ್ಲಿ ಗೀತಾಂಜಲಿ ಶ್ರೀಯವರ ಹಿಂದೀ ಕಾದಂಬರಿಗೂ 2025ರಲ್ಲಿ ಕನ್ನಡದ ಬಾನು ಮುಷ್ತಾಕ್ ಅವರ ಕಥೆಗಳಿಗೂ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯು ದೊರೆತ ಮೇಲೆ ಈ ಭಾವನೆಯು ಇನ್ನೂ ಬಲಿತಿದೆ. ವಾಸ್ತವವಾಗಿ ಈ ಸಂಚಾರಕ್ಕೆ ನೂರನಾಲ್ವತ್ತು ವರ್ಷಗಳ ಚರಿತ್ರೆಯಿದೆ. ಯಾವ ಗ್ರಂಥವು ಯಾವ ವರ್ಷ ಹೋಯಿತೆಂದು ಪಟ್ಟಿ ಮಾಡುವುದು ಈ ಲೇಖನದ ಉದ್ದೇಶವಲ್ಲ. ಆಂಗ್ಲ ವಾಚಕನು ನಮ್ಮ ಕಾದಂಬರಿಯನ್ನು ಕಾದಂಬರಿಯೆಂದೇ ಓದಿದನೆ, ಅಥವಾ ನಮ್ಮ ಜನರ ವಿಷಯದಲ್ಲಿ ಒಂದು ಸಾಕ್ಷ್ಯಪತ್ರವೆಂದು ಓದಿದನೆ ಎಂಬ ಪ್ರಶ್ನೆಯನ್ನು ಕೆಲವು ನಿದರ್ಶನಗಳಿಂದ ಪರಿಶೀಲಿಸುವುದೇ ಇಲ್ಲಿಯ ಪ್ರಯತ್ನ.

1

ಮೊದಲು ಬಂಕಿಮಚಂದ್ರರನ್ನು ನೋಡೋಣ. ಅವರು ತಮ್ಮ ಮೊದಲ ಕಾದಂಬರಿಯಾದ ‘ರಾಜಮೋಹನನ ಹೆಂಡತಿ’ಯನ್ನು ಇಂಗ್ಲಿಷಿನಲ್ಲಿಯೇ ಬರೆದರು. ಅದು 1864ರಲ್ಲಿ ‘ಇಂಡಿಯನ್ ಫೀಲ್ಡ್’ ಎಂಬ ಪತ್ರಿಕೆಯಲ್ಲಿ ಕ್ರಮವಾಗಿ ಪ್ರಕಟವಾಯಿತು. ಪುಸ್ತಕರೂಪದಲ್ಲಿ ಹೊರಬಂದುದು 1935ರಲ್ಲಿ, ಗ್ರಂಥಕರ್ತರು ತೀರಿಕೊಂಡು ನಾಲ್ವತ್ತು ವರ್ಷಗಳಾದ ಮೇಲೆ. ಅವರಾದರೋ 1865ರಲ್ಲಿಯೇ ‘ದುರ್ಗೇಶನಂದಿನಿ’ಯನ್ನು ಬಂಗಾಳಿಯಲ್ಲಿ ಪ್ರಕಟಿಸಿ, ಮತ್ತೆ ಇಂಗ್ಲಿಷಿನಲ್ಲಿ ಕಾದಂಬರಿಯನ್ನು ಬರೆದು ಪ್ರಕಟಿಸುವ ಗೋಜಿಗೆ ಹೋಗಲಿಲ್ಲ. ಇಂಗ್ಲಿಷನ್ನು ಬಿಟ್ಟು ಸ್ವಭಾಷೆಗೆ ಬಂದ ಮೇಲೆಯೇ ಅವರ ಕೃತಿಗಳನ್ನು ಇಂಗ್ಲೆಂಡು ಅರಸಿತು. 1884ರಲ್ಲಿ ಮಿರಿಯಂ ನೈಟ್ ಎಂಬಾಕೆ ‘ವಿಷವೃಕ್ಷ’ವನ್ನು ಭಾಷಾಂತರಿಸಿದರು, ಲಂಡನ್ನಿನಲ್ಲಿ ಅಚ್ಚಾದ ಆ ಪುಸ್ತಕಕ್ಕೆ ಎಡ್ವಿನ್ ಆರ್ನಾಲ್ಡ್ ಕವಿಯ ಮುನ್ನುಡಿಯಿತ್ತು. 1885ರಲ್ಲಿ ಬಂಗಾಳದ ಸಿವಿಲ್ ಸರ್ವಿಸಿನ ಫಿಲಿಪ್ಸ್ ಎಂಬವರು ‘ಕಪಾಲಕುಂಡಲಾ’ವನ್ನು ಪರಿವರ್ತಿಸಿದರು. ತೆಂಕಣದಲ್ಲಿ ಒಯ್ಯಾರತ್ತ್ ಚಂದುಮೇನೋನರ ಮಲೆಯಾಳ ಕಾದಂಬರಿ ‘ಇಂದುಲೇಖಾ’ 1889ರಲ್ಲಿ ಹುಟ್ಟಿತು. ಮರುವರ್ಷವೇ ಮದರಾಸಿನ ಸಿವಿಲ್ ಸರ್ವಿಸಿನ ಡ್ಯೂಮರ್ಗ್ ಅದನ್ನು ಇಂಗ್ಲಿಷಿಗೆ ತಂದರು. ಕನ್ನಡದ ಆದ್ಯ ಸಾಮಾಜಿಕ ಕಾದಂಬರಿಯೆನಿಸಿದ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಿದ್ದಿತು, ನಾಲ್ಕೇ ವರ್ಷಗಳಲ್ಲಿ, 1903ರಲ್ಲಿ, ಕೌಚ್‌ಮನ್ ಎಂಬ ಆಂಗ್ಲ ಅಧಿಕಾರಿಯಿಂದ ಅದಕ್ಕೆ ಇಂಗ್ಲಿಷ್ ರೂಪವು ಬಂದಿತು.

ಈ ಹೆಸರುಗಳನ್ನು ಒತ್ತಿಗೆ ಇಟ್ಟು ನೋಡಿದರೆ ಒಂದು ಸಂಗತಿಯು ಕಣ್ಣಿಗೆ ಬೀಳದೆ ಇರದು. ಬಂಕಿಮಚಂದ್ರರು ಡೆಪ್ಯುಟಿ ಮ್ಯಾಜಿಸ್ಟ್ರೇಟರು, ಚಂದುಮೇನೋನರು ಮುನಸೀಫರು, ವೆಂಕಟರಾಯರು ಪೋಲೀಸು ಅಧಿಕಾರಿಗಳು. ಭಾಷಾಂತರಕಾರರಲ್ಲಿಯೂ ಹೆಚ್ಚಿನವರು ಅದೇ ಸರ್ಕಾರದ ಮೇಲಣ ಹುದ್ದೆಗಳವರು. ಎಂದರೆ ಭಾರತೀಯ ಕಾದಂಬರಿಯು ಆಂಗ್ಲ ವಾಚಕನ ಬಳಿಗೆ ಮೊದಲು ಸಾಗಿದ ಹಾದಿಯು ಬಹುಮಟ್ಟಿಗೆ ಕಚೇರಿಯ ಹಾದಿಯೇ ಆಗಿತ್ತು. ಪ್ರಜೆಗಳ ಭಾಷೆಯನ್ನೂ ಮನೆವಾರ್ತೆಯನ್ನೂ ತಿಳಿಯಬೇಕಾಗಿದ್ದ ಅಧಿಕಾರಿಗೆ, ಕಾಯಿದೆಯ ಪುಸ್ತಕದಲ್ಲಾಗಲಿ ಕಂದಾಯದ ವರದಿಯಲ್ಲಾಗಲಿ ದೊರೆಯದ ಒಳಮನೆಯ ಮಾತು ಕಾದಂಬರಿಯಲ್ಲಿ ದೊರೆಯುತ್ತಿತ್ತು. ಮಲೆಯಾಳದ ನಾಯರರ ವಿವಾಹಪದ್ಧತಿಯೇ ‘ಇಂದುಲೇಖಾ’ದ ವಿವಾದವಸ್ತು. ಅದರ ಭಾಷಾಂತರವು 1890ರಲ್ಲಿ ಬಂದಿತು. ಆ ಪದ್ಧತಿಯ ವಿಚಾರಣೆಗೆಂದು 1891ರಲ್ಲಿ ಮಲಬಾರ್ ವಿವಾಹ ಆಯೋಗವು ನೇಮಕವಾದಾಗ ಚಂದುಮೇನೋನರೇ ಅದರ ಸದಸ್ಯರಲ್ಲೊಬ್ಬರಾದರು. ಕಥೆಗೂ ಕಡತಕ್ಕೂ ಇದ್ದ ಅಂತರವು ಎಷ್ಟು ಕಿರಿದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಭಾಷಾಂತರಗಳ ಉಪಶೀರ್ಷಿಕೆಗಳೂ ಇದನ್ನೇ ಸಾರುತ್ತವೆ. ‘ವಿಷವೃಕ್ಷ’ವು ಬಂಗಾಳದ ಹಿಂದೂ ಜೀವನದ ಕಥೆಯೆಂದೂ, ‘ಕಪಾಲಕುಂಡಲಾ’ವು ಬಂಗಾಳೀ ಜೀವನದ ಕಥೆಯೆಂದೂ, ‘ಇಂದುಲೇಖಾ’ವು ಮಲಬಾರಿನ ಕಾದಂಬರಿಯೆಂದೂ ಮುಖಪತ್ರದಲ್ಲಿಯೇ ಹೇಳಿಸಿಕೊಂಡುವು. ನೈಟ್ ಅವರು 1895ರಲ್ಲಿ ‘ಕೃಷ್ಣಕಾಂತನ ಉಯಿಲು’ ಎಂಬ ಬಂಕಿಮರ ಮತ್ತೊಂದು ಕೃತಿಯನ್ನು ಭಾಷಾಂತರಿಸಿದಾಗ, ಬ್ಲೂಮ್‌ಹಾರ್ಟ್ ಎಂಬ ವಿದ್ವಾಂಸರು ಪೀಠಿಕೆಯನ್ನೂ ಶಬ್ದಕೋಶವನ್ನೂ ಟಿಪ್ಪಣಿಗಳನ್ನೂ ಸೇರಿಸಿದರು. ಅದೇ ಕಾಲದಲ್ಲಿ ನಮ್ಮ ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮರ ಕಾದಂಬರಿಗಳನ್ನು ಕನ್ನಡಕ್ಕೆ ಇಳಿಸುತ್ತಿದ್ದರು. ಕನ್ನಡಿಗನು ಅವುಗಳನ್ನು ಬಂಗಾಳದ ಆಚಾರವನ್ನು ತಿಳಿಯಲೆಂದು ಓದಲಿಲ್ಲ. ಕಥೆಗಾಗಿ ಓದಿದನು, ಕಾದಂಬರಿಯೆಂಬುದರ ರುಚಿಯನ್ನೇ ಅವುಗಳಿಂದ ಕಲಿತನು. ಒಂದೇ ಗ್ರಂಥವು ಪಶ್ಚಿಮಕ್ಕೆ ವರದಿಯಾಗಿಯೂ ದಕ್ಷಿಣಕ್ಕೆ ಕಾವ್ಯವಾಗಿಯೂ ಸಂದಿತು.

2

ಇಲ್ಲಿ ಒಂದು ಆಕ್ಷೇಪವು ಏಳಬಹುದು. ‘ಇಂದುಲೇಖಾ’, ‘ಇಂದಿರಾಬಾಯಿ’ಗಳು ಸಮಾಜಸುಧಾರಣೆಯ ಗ್ರಂಥಗಳಲ್ಲವೆ? ಬಾಲವಿಧವೆಯೊಬ್ಬಳು ವಿದ್ಯೆಯನ್ನು ಪಡೆದು ಪುನರ್ವಿವಾಹವಾಗುವ ಕಥೆಯನ್ನು ಸಮಾಜದ ಚಿತ್ರವೆಂದು ಓದಿದರೆ ತಪ್ಪೇನು? ತಪ್ಪಿಲ್ಲ, ಗ್ರಂಥಕರ್ತರ ಆಶಯವೂ ಅದೇ. ದೋಷವಿರುವುದು ಹಾಗೆ ಓದುವುದರಲ್ಲಲ್ಲ, ಅಲ್ಲಿಗೇ ನಿಲ್ಲುವುದರಲ್ಲಿ. ‘ವಿಷವೃಕ್ಷ’ದ ಕುಂದನಂದಿನಿಯೂ ವಿಧವೆ, ಪುನರ್ವಿವಾಹವಾಗಿ ಕಡೆಗೆ ವಿಷವನ್ನು ಸೇವಿಸುತ್ತಾಳೆ. ಸಾಕ್ಷ್ಯವನ್ನು ಹುಡುಕುವವನು ಇದರಿಂದ ವಿಧವಾವಿವಾಹದ ಪರವಾಗಿ ಅಥವಾ ವಿರುದ್ಧವಾಗಿ ಒಂದು ತೀರ್ಪನ್ನು ತೆಗೆದಾನು. ಆದರೆ ಬಂಕಿಮರು ವಿಷವೃಕ್ಷವೆಂದು ಕರೆದುದು ಯಾವ ಪದ್ಧತಿಯನ್ನೂ ಅಲ್ಲ, ಎಲ್ಲರ ಎದೆಯಲ್ಲಿಯೂ ಬೇರೂರಬಲ್ಲ ಅನಿಗ್ರಹವನ್ನು. ಆ ಮಾತನ್ನು ಬಿಟ್ಟರೆ ಕಾದಂಬರಿಯ ಬೀಜವನ್ನೇ ಬಿಟ್ಟಂತೆ.

3

1935ನೆಯ ವರ್ಷವು ಎರಡನೆಯ ಘಟ್ಟ. ಮುಲ್ಕ್‌ರಾಜ ಆನಂದರ ‘ಅನ್‌ಟಚಬಲ್’ ಹತ್ತೊಂಬತ್ತು ಪ್ರಕಾಶಕರ ನಿರಾಕರಣೆಗೆ ಗುರಿಯಾಗಿ, ಕೊನೆಗೆ ಇ. ಎಂ. ಫಾರ್ಸ್ಟರರ ಮುನ್ನುಡಿಯ ಬೆಂಬಲದಿಂದ ಬೆಳಕನ್ನು ಕಂಡಿತು. ಮೈಸೂರಿನಲ್ಲಿದ್ದ ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹಸ್ತಪ್ರತಿಯು, ಆಕ್ಸ್‌ಫರ್ಡಿನಲ್ಲಿದ್ದ ಅವರ ಮಿತ್ರರೊಬ್ಬರ ಮೂಲಕ ಗ್ರಹಾಂ ಗ್ರೀನರ ಕೈಸೇರಿ, ಅವರ ಶಿಫಾರಸಿನಿಂದ ಅಚ್ಚಾಯಿತು. ಗ್ರಂಥದ ಹೆಸರೂ ಗ್ರಂಥಕರ್ತನ ಹೆಸರಿನ ಮೊಟಕುರೂಪವೂ ಗ್ರೀನರ ಸೂಚನೆಗಳೇ. ಹಾಸನದಲ್ಲಿ ಹುಟ್ಟಿದ ರಾಜಾರಾಯರ ‘ಕಾಂತಾಪುರ’ವು 1938ರಲ್ಲಿ ಬಂದಿತು, ಊರಿನ ಮುದುಕಿಯೊಬ್ಬಳ ಬಾಯಿಂದ, ಕನ್ನಡದ ಮಾತಿನ ಓಟವನ್ನು ಇಂಗ್ಲಿಷಿಗೆ ಹಿಡಿಸಿ ಹೇಳಿಸಿದ ಕಥೆಯದು. ಕಚೇರಿಯ ಅಧಿಕಾರಿಯ ಸ್ಥಾನದಲ್ಲಿ ಈಗ ಸಾಹಿತಿಯು ಬಂದು ನಿಂತನು. ಕಲೆಯ ವಿಷಯದಲ್ಲಿ ಇದು ದೊಡ್ಡ ಲಾಭವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಬಾಗಿಲಿನ ಕೀಲಿಯು ಲಂಡನ್ನಿನಲ್ಲಿಯೇ ಉಳಿಯಿತು. ಒಳಗೆ ಬರಲು ಅಲ್ಲಿಯ ಹಿರಿಯನೊಬ್ಬನ ಕೈ ಬೇಕಾಗಿತ್ತು.

ಸ್ವಾತಂತ್ರ್ಯಾನಂತರ ಭಾಷಾಂತರಕ್ಕೆ ಮರಳಿ ಬಲವು ಬಂದಿತು. ತಕಳಿಯವರ ‘ಚೆಮ್ಮೀನ್’ 1962ರಲ್ಲಿಯೂ, ಪ್ರೇಮಚಂದರ ‘ಗೋದಾನ’ ಮತ್ತು ವಿಭೂತಿಭೂಷಣರ ‘ಪಥೇರ್ ಪಾಂಚಾಲಿ’ 1968ರಲ್ಲಿಯೂ ಯುನೆಸ್ಕೋ ಸಂಸ್ಥೆಯ ಗ್ರಂಥಮಾಲೆಯ ಆಶ್ರಯದಿಂದ ಇಂಗ್ಲಿಷಿನಲ್ಲಿ ಪ್ರಕಟವಾದುವು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು 1976ರಲ್ಲಿ ಎ. ಕೆ. ರಾಮಾನುಜನ್ ಪ್ರಕಟಿಸಿದರು. ಒಂದು ಪದದಲ್ಲಿ ಅಡಗಿದ ಹಲವು ಅರ್ಥಗಳೇ ಆ ಕೃತಿಯ ಜೀವವೆಂದರಿತು ಅವರು ಹೆಸರನ್ನು ಹಾಗೆಯೇ ಉಳಿಸಿ, ಕಿಟ್ಟೆಲರ ನಿಘಂಟಿನ ಅರ್ಥಗಳನ್ನು ಗ್ರಂಥದ ಮುಂದಿಟ್ಟರು. ಇಷ್ಟು ಎಚ್ಚರಿಕೆಯಿದ್ದರೂ, ಮರುವರ್ಷ, 1977ರಲ್ಲಿ, ವಿ. ಎಸ್. ನೈಪಾಲರು ಭಾರತವನ್ನು ಕುರಿತು ಬರೆದ ಗ್ರಂಥದಲ್ಲಿ ಪ್ರಾಣೇಶಾಚಾರ್ಯನ ಸಂಕಟವನ್ನು ಹಿಂದೂ ಮನೋಧರ್ಮದ ಕೊರತೆಗೆ ಆಧಾರವೆಂದು ಎತ್ತಿ ತೋರಿಸಿದರು. ಅಗ್ರಹಾರವನ್ನು ಒಳಗಿನಿಂದ ಪ್ರಶ್ನಿಸಿದ ಕೃತಿಯು ಅಗ್ರಹಾರದ ಮೇಲಣ ಸಾಕ್ಷಿಯಾಗಿ ನಿಂತಿತು. ಪ್ರಶ್ನಿಸಿದವನೂ ಅದೇ ಮಣ್ಣಿನವನೆಂಬುದು ಲೆಕ್ಕಕ್ಕೆ ಬರಲಿಲ್ಲ. ಅಧಿಕಾರಿಗಳು ಹೋದರೂ ಅವರ ಓದಿನ ಕ್ರಮವು ಹೋಗಿರಲಿಲ್ಲ.

4

ಈಚಿನ ಬದಲಾವಣೆಯನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಬೂಕರಿನ ಈ ಶಾಖೆಯು 2016ರಿಂದ ಹಣವನ್ನು ಗ್ರಂಥಕರ್ತನಿಗೂ ಭಾಷಾಂತರಕಾರನಿಗೂ ಸಮನಾಗಿ ಹಂಚುತ್ತ ಬಂದಿದೆ. ಬಾನು ಮುಷ್ತಾಕರ ಕಥೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರು ಕನ್ನಡದ ಮಾತುಗಳನ್ನು ಓರೆಯಕ್ಷರದಲ್ಲಿ ಅಚ್ಚುಹಾಕಿಸಲಿಲ್ಲ, ಅಡಿಟಿಪ್ಪಣಿಗಳನ್ನೂ ಕೊಡಲಿಲ್ಲ. 1895ರ ಶಬ್ದಕೋಶಕ್ಕೂ ಈ ಮೌನಕ್ಕೂ ನಡುವಣ ದೂರವೇ ನಾವು ವಿವರಿಸಿದ ಚರಿತ್ರೆ. ಅಪರಿಚಿತ ಪದದ ಮುಂದೆ ಕ್ಷಣಕಾಲ ತಡೆಯುವ ಶ್ರಮವನ್ನು ಈಗ ವಾಚಕನಿಗೇ ವಹಿಸಲಾಗಿದೆ. ವಾಲ್ಟರ್ ಸ್ಕಾಟನನ್ನೂ ಡಿಕನ್ಸನನ್ನೂ ಓದುವಾಗ ನಮ್ಮ ಹಿರಿಯರು ಆ ಶ್ರಮವನ್ನು ಮರುಮಾತಿಲ್ಲದೆ ವಹಿಸಿದ್ದರು.

‘ಇಂದಿರಾಬಾಯಿ’ಯು 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರಿಂದ ಮತ್ತೊಮ್ಮೆ ಇಂಗ್ಲಿಷಿಗೆ ಬಂದಿತು. ಒಂದೇ ಕನ್ನಡ ಕೃತಿಯ ಈ ಎರಡು ಭಾಷಾಂತರಗಳನ್ನು ಮೂಲದೊಡನೆ ಅಕ್ಕಪಕ್ಕದಲ್ಲಿಟ್ಟು ಪಾಠಹೇಳುವ ಅವಕಾಶವು ನಮ್ಮ ಅಧ್ಯಾಪಕರಿಗೆ ಒದಗಿದೆ. ಆಂಗ್ಲ ವಾಚಕನು ನಮ್ಮನ್ನು ಎಷ್ಟು ಮೆಚ್ಚಿದನೆಂಬ ಲೆಕ್ಕಕ್ಕಿಂತ, ಆತನಿಗೆ ನಾವು ಯಾರಾಗಿ ಕಂಡೆವು, ಯಾರು ಹಾಗೆ ಕಾಣಿಸಿದರು ಎಂಬ ವಿಚಾರವು ವಿದ್ಯಾರ್ಥಿಗಳಿಗೆ ಹೆಚ್ಚು ಪ್ರಯೋಜನಕರವಾದೀತು.